ಹುಳ ಮುಟ್ಟಿದಾಗ ಓದೋಕೆ ಟೈಮ್ ಇರಲ್ಲ

ಮೊದಲು ಈ ವಾಕ್ಯ ಓದಿ. ಸುತ್ತೋಲೆಗಳ ಶೈಲಿಯಲ್ಲಿ ನಾನೇ ಕಟ್ಟಿದ್ದು:

"ಸರ್ಪದಂಶಕ್ಕೆ ಒಳಗಾದ ವ್ಯಕ್ತಿಯ ಬಾಧಿತ ಅಂಗದ ಚಲನೆಯನ್ನು ನಿರ್ಬಂಧಿಸಿ, ಅನಗತ್ಯ ವಿಳಂಬಕ್ಕೆ ಆಸ್ಪದ ನೀಡದೆ ಸಮೀಪದ ಆಸ್ಪತ್ರೆಗೆ ಸ್ಥಳಾಂತರಿಸತಕ್ಕದ್ದು."

ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ಆದ್ರೆ ರಾಮನಗರದ ಕೂಟಗಲ್ ಕಡೆ ಸಂಜೆ ಹೊತ್ತು ಹಿಪ್ಪುನೇರಳೆ ಸೊಪ್ಪು ಕುಯ್ತಿರೋರ ಕಾಲಿಗೆ ಹಾವು ಕಚ್ಚಿದೆ ಅಂದ್ಕೊಳ್ಳಿ. ಪಕ್ಕದಲ್ಲಿರೋರಿಗೆ ಈ ವಾಕ್ಯದಿಂದ ಏನು ಮಾಡಬೇಕು ಅಂತ ಗೊತ್ತಾಗುತ್ತಾ?

ಇದು ಸಣ್ಣ ವಿಷಯ ಅಲ್ಲ. 2000ದಿಂದ 2019ರವರೆಗಿನ ಅಂದಾಜಿನ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯ್ತಾರೆ, ಹೆಚ್ಚಿನವರು ಹಳ್ಳಿಯವರು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅದೇ ವರ್ಷ ಮಾರ್ಚ್‌ನಲ್ಲಿ ಬಂದ ರಾಷ್ಟ್ರೀಯ ಯೋಜನೆಯ ಗುರಿ, 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸೋದು. ಔಷಧಿ ಇದೆ. ಆದ್ರೆ ಮನುಷ್ಯ ಟೈಮಿಗೆ ಅದರ ಹತ್ತಿರ ತಲುಪಬೇಕು, ಅಲ್ಲಿಗೆ ತಲುಪಿಸೋದ್ರಲ್ಲಿ ಭಾಷೆಗೂ ಪಾಲಿದೆ.

ಆ ವಾಕ್ಯವನ್ನು ರಿಪೇರಿ ಮಾಡೋಣ.

1. ಜನರ ಪದ ಹಾಕಿ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನ ಹಾವಿನ ಹೆಸರೇ ಎತ್ತಲ್ಲ, "ಹುಳ ಮುಟ್ತು" ಅಂತಾರೆ. ಕರಪತ್ರದ ಮೇಲೆ "ಹಾವು ಕಚ್ಚಿದರೆ, ಹುಳ ಮುಟ್ಟಿದರೆ" ಅಂತ ಎರಡನ್ನೂ ಬರೆಯಿರಿ. ಆಂಬುಲೆನ್ಸಿಗೆ ಫೋನ್ ಮಾಡುವಾಗ ಮಾತ್ರ "ಹಾವು" ಅಂತಲೇ ಹೇಳಿ ಅಂತಲೂ ಬರೆಯಿರಿ. ಇಲ್ಲದಿದ್ರೆ ಆ ಕಡೆಯವರು ಬರೀ ಹುಳ ಅಂದ್ಕೊಳ್ಳಬಹುದು.

2. ಕೈಯಿಂದ ಮಾಡೋ ಕೆಲಸ ಹೇಳಿ. "ಗಾಬರಿಯಾಗಬೇಡಿ" ಅಂದ ತಕ್ಷಣ ಯಾರ ಗಾಬರಿಯೂ ಹೋಗಲ್ಲ. "ಮಲಗಿಸಿ, ಪಕ್ಕದಲ್ಲಿ ಕೂತು ಮಾತಾಡಿಸಿ" ಅಂದ್ರೆ ಮಾಡಬಹುದು.

3. ಎರಡು ಅರ್ಥ ಬರೋ ಪದ ಹುಡುಕಿ. ಇಲ್ಲಿ ಅಪಾಯದ ಪದ "ಕಟ್ಟಿ". ಕಾಲು ಅಲ್ಲಾಡದ ಹಾಗೆ ದಬ್ಬೆ ಇಟ್ಟು ಸಡಿಲವಾಗಿ ಕಟ್ಟೋದು ಸರಿ. ವಿಷ ಏರದಿರಲಿ ಅಂತ ಹಗ್ಗದಿಂದ ಬಿಗಿಯೋದು ತಪ್ಪು, ರಕ್ತ ಓಡದೆ ಕಾಲೇ ಹಾಳಾಗಬಹುದು. ಬರೀ "ಕಟ್ಟಿ" ಅಂತ ಬರೆದರೆ ಓದುವವರು ಎರಡನೆಯದನ್ನೇ ಮಾಡ್ತಾರೆ.

4. "ಬೇಡ" ಜೊತೆ "ಯಾಕೆ" ಇರಲಿ. ಹಾವನ್ನು ಹಿಡಿಯೋಕೆ ಹೋಗಬೇಡಿ, ಯಾಕಂದ್ರೆ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ನಮ್ಮಲ್ಲಿ ಒಂದೇ ಇಂಜೆಕ್ಷನ್. ನೋವಿಲ್ಲ ಅಂತ ಕಾಯಬೇಡಿ, ಯಾಕಂದ್ರೆ ಕಟ್ಟುಹಾವು ಮಲಗಿದವರನ್ನು ಕಚ್ಚಿದಾಗ ನೋವೂ ಇರದೆ, ಗಾಯದ ಗುರುತೂ ಕಾಣದೆ ಇರಬಹುದು. ಕಾರಣ ಗೊತ್ತಿದ್ದವರು ಊರಿನ ಹಿರಿಯರ ಜೊತೆ ವಾದ ಮಾಡಬಹುದು. ಬರೀ "ಬೇಡ" ಇಟ್ಕೊಂಡು ವಾದ ಮಾಡೋಕಾಗಲ್ಲ.

5. ಮಾಡೋ ಕ್ರಮದಲ್ಲೇ ಬರೆಯಿರಿ, ಒಂದು ಸಾಲಿಗೆ ಒಂದೇ ಕೆಲಸ.

ಈಗ ಹೊಸ ಕರಪತ್ರ:

ಹಾವು ಕಚ್ಚಿದರೆ, ಹುಳ ಮುಟ್ಟಿದರೆ
• ಹಾವಿನಿಂದ ದೂರ ಬನ್ನಿ.
• 108ಕ್ಕೆ ಫೋನ್ ಮಾಡಿ. "ಹಾವು ಕಚ್ಚಿದೆ" ಎಂದು ಹೇಳಿ.
• ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಆಮೇಲೆ ಊತ ಬರುತ್ತದೆ.
• ಕಚ್ಚಿದ ಕೈಕಾಲು ಅಲ್ಲಾಡಿಸಬೇಡಿ. ನಡೆಸಬೇಡಿ, ಎತ್ತಿಕೊಂಡು ಹೋಗಿ.
• ಕುಯ್ಯಬೇಡಿ, ಬಾಯಿಂದ ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ.
• ಆಂಬುಲೆನ್ಸ್ ತಡವಾದರೆ ಸಿಕ್ಕ ಗಾಡಿಯಲ್ಲಿ ಹೊರಡಿ. ಬೈಕ್ ಆದರೆ ಇಬ್ಬರ ಮಧ್ಯೆ ಕೂರಿಸಿ.
• ಎಷ್ಟು ಹೊತ್ತಿಗೆ ಕಚ್ಚಿತು, ಆಮೇಲೆ ಏನಾಯ್ತು (ರೆಪ್ಪೆ ಜೋತುಬಿತ್ತಾ, ರಕ್ತ ಬಂತಾ) ಡಾಕ್ಟರಿಗೆ ಹೇಳಿ.

ನಾವು ಕೋಡ್ ಬರೆದ ಮೇಲೆ ಟೆಸ್ಟ್ ಮಾಡ್ದೆ ಸಬ್ಮಿಟ್ ಮಾಡಲ್ಲ. ಇದಕ್ಕೂ ಟೆಸ್ಟ್ ಇದೆ. "ಅರ್ಥ ಆಯ್ತಾ ಅಜ್ಜಿ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. "ಅಜ್ಜಿ, ಇದನ್ನ ನಿಮ್ಮ ಮೊಮ್ಮಗನಿಗೆ ಹೇಗೆ ಹೇಳ್ಕೊಡ್ತೀರಾ?" ಅಂತ ಕೇಳಿ ಸುಮ್ಮನೆ ಕೇಳಿಸಿಕೊಳ್ಳಿ. ಅವರು ಎಲ್ಲಿ ತಡವರಿಸ್ತಾರೋ ಅಲ್ಲಿ ತಿದ್ದಬೇಕಾಗಿರೋದು ನಮ್ಮ ಸಾಲು.

ಮುಂದಿನ ಎನ್ನೆಸ್ಸೆಸ್ ಕ್ಯಾಂಪಿಗೆ ಪೋಸ್ಟರ್ ಬರೆಯೋರು ಬಣ್ಣ ಆರಿಸೋಕೆ ಮುಂಚೆ ಈ ಟೆಸ್ಟ್ ಮಾಡಿ. ಡೆಂಗ್ಯೂ ಆಗಲಿ, ವಾಂತಿಭೇದಿ ಆಗಲಿ, ವಿಧಾನ ಇದೇ. ಬರೆದದ್ದನ್ನು ಊರಿನ ಆಶಾ ಕಾರ್ಯಕರ್ತೆಗೋ ಡಾಕ್ಟರಿಗೋ ಒಮ್ಮೆ ತೋರಿಸಿ, ಆಮೇಲೆ ಗೋಡೆಗೆ ಅಂಟಿಸಿ.