ಚಿಪ್ಪಿನ ಅಮೀಬಾ ಕಾಲು ಚಾಚೋವರೆಗೆ

ಅಮೀಬಾ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಹೈಸ್ಕೂಲ್ ಪುಸ್ತಕದ ಆಕಾರವಿಲ್ಲದ ಚಿತ್ರ. ಆದರೆ ಅಮೀಬಾಗಳಲ್ಲಿ ಮನೆ ಕಟ್ಟಿಕೊಂಡು ಬದುಕುವವೂ ಇವೆ. ಅವನ್ನು ಟೆಸ್ಟೇಟ್ ಅಮೀಬಾ ಅಂತಾರೆ, ನಾವು ಚಿಪ್ಪಿನ ಅಮೀಬಾ ಅನ್ನೋಣ. ಒಂದೇ ಜೀವಕೋಶ, ಸುತ್ತ ಒಂದು ಚಿಪ್ಪು, ಚಿಪ್ಪಿಗೊಂದು ಬಾಯಿ. ಆ ಬಾಯಿಂದ ಮಿಥ್ಯಾಪಾದಗಳು, ಅಂದ್ರೆ ನಾವು ಸೂಡೋಪೋಡಿಯಾ ಅಂತ ಓದಿದ್ದು, ಹೊರಗೆ ಚಾಚುತ್ತವೆ.

ಇದರಲ್ಲಿ ಡಿಫ್ಲೂಜಿಯಾ ಅನ್ನೋದು ಸಿವಿಲ್ ಬ್ರಾಂಚ್‌ನವರಿಗೆ ಇಷ್ಟವಾಗಬೇಕು. ಅದು ಮರಳಿನ ಸಣ್ಣ ಕಣಗಳನ್ನು ನುಂಗಿ ಒಳಗೆ ಕೂಡಿಡುತ್ತೆ. ಕೋಶ ಎರಡಾಗುವಾಗ ಆ ಕಣಗಳನ್ನೇ ಅಂಟಿಸಿ ಮರಿಯ ಚಿಪ್ಪು ಕಟ್ಟುತ್ತೆ. ಆರ್ಸೆಲ್ಲಾ ಬೇರೆ ಥರ. ಅದರದು ಪ್ರೋಟೀನ್ ಚಿಪ್ಪು. ಮೇಲಿಂದ ನೋಡಿದ್ರೆ ನಡುವೆ ತೂತಿರೋ ಉದ್ದಿನವಡೆ! ಹೊಸದರಲ್ಲಿ ಬಣ್ಣವಿರಲ್ಲ, ವಯಸ್ಸಾದಂತೆ ಕಬ್ಬಿಣದ ಅಂಶ ಸೇರಿ ಕಂದು ಬಣ್ಣಕ್ಕೆ ತಿರುಗುತ್ತೆ.

ಹುಡುಕೋದು ಕಷ್ಟವಲ್ಲ. ಒದ್ದೆ ಗೋಡೆಯ ಹಾವಸೆಯನ್ನು ಸ್ವಲ್ಪ ನೀರಿನಲ್ಲಿ ಹಿಂಡಿ, ಹತ್ತು ನಿಮಿಷ ಬಿಟ್ಟು, ತಳದಲ್ಲಿ ಕೂತದ್ದನ್ನು ಡ್ರಾಪರ್‌ನಿಂದ ತೆಗೀಬೇಕು. ಕೆರೆಯ ತಳದ ಕೆಸರೂ ಆಗುತ್ತೆ. ಸ್ಲೈಡ್‌ನಲ್ಲಿ ಮೊದಲು ಸಿಗೋದು ಹೆಚ್ಚಾಗಿ ಖಾಲಿ ಚಿಪ್ಪುಗಳೇ. ಖಾಲಿ ಚಿಪ್ಪಿನ ಫೋಟೋ ಯಾರು ಬೇಕಾದರೂ ತೆಗೀಬಹುದು, ಅದು ಎಲ್ಲೂ ಹೋಗಲ್ಲ. ಒಳಗೆ ಹರಳುಹರಳಾದ ಜೀವರಸ ಕಂಡರೆ ಮಾತ್ರ ನಿಲ್ಲಿ. ಸ್ಲೈಡ್ ಅಲುಗಿದ್ದಕ್ಕೆ ಅದು ಕಾಲು ಒಳಗೆಳೆದುಕೊಂಡಿರುತ್ತೆ. ಹತ್ತು ನಿಮಿಷವೋ ಅರ್ಧ ಗಂಟೆಯೋ ಕಾಯಲೇಬೇಕು.

ತೊಂದರೆ ಶುರುವಾಗೋದೇ ಇಲ್ಲಿ. ಫೋಟೋ ಚೆನ್ನಾಗಿ ಬರಲು ನಾವು ಮಾಡೋದೆಲ್ಲ ಅಮೀಬಾಕ್ಕೆ ಆಗದ ಕೆಲಸಗಳು. ನೀರಿನ ಪದರ ತೆಳುವಾದಷ್ಟೂ ಚಿತ್ರ ಸ್ಪಷ್ಟ. ಲೆಕ್ಕ ಹಾಕಿ ನೋಡಿ: 20 ಹನಿಗೆ 1 ಮಿಲಿಲೀಟರ್ ಅಂದುಕೊಂಡರೆ ಒಂದು ಹನಿ 50 ಘನ ಮಿಲಿಮೀಟರ್. 22 ಮಿ.ಮೀ. ಚೌಕದ ಕವರ್‌ಸ್ಲಿಪ್ ಕೆಳಗೆ ಅದು ಸುಮಾರು 0.1 ಮಿ.ಮೀ. ದಪ್ಪಕ್ಕೆ ಹರಡುತ್ತೆ, ಅಂದ್ರೆ 100 ಮೈಕ್ರಾನ್. ದೊಡ್ಡ ಡಿಫ್ಲೂಜಿಯಾ 200 ಮೈಕ್ರಾನ್ ದಾಟುತ್ತೆ. ನೀರು ಆರುತ್ತಾ ಹೋದಂತೆ ಗಾಜು ಕೆಳಗಿಳಿದು ಅದನ್ನು ಒತ್ತಿಹಾಕುತ್ತೆ. ಹಾಗಾಗಿ ಕವರ್‌ಸ್ಲಿಪ್‌ನ ನಾಲ್ಕು ಮೂಲೆಗೆ ವ್ಯಾಸಲೀನ್ ಹಚ್ಚಿ ಸ್ವಲ್ಪ ಎತ್ತರಿಸಿ ಇಡ್ತೀವಿ. ಅಂಚಿನಲ್ಲಿ ಆಗಾಗ ಒಂದು ಹನಿ ಕೆರೆ ನೀರನ್ನೇ ಸೇರಿಸ್ತೀವಿ, ಕ್ಲೋರಿನ್ ಇರೋ ನಲ್ಲಿ ನೀರು ಬೇಡ.

ಬೆಳಕಿನ ವಿಷಯವೂ ಹಾಗೇ. ಮಿಥ್ಯಾಪಾದ ನೀರಿನಷ್ಟೇ ಪಾರದರ್ಶಕ, ಪೂರ್ತಿ ಬೆಳಕಿನಲ್ಲಿ ಕಾಣಿಸೋದೇ ಇಲ್ಲ. ಕಂಡೆನ್ಸರ್‌ನ ಡಯಾಫ್ರಾಮ್ ಕಿರಿದು ಮಾಡಿದರೆ ಅಂಚು ಎದ್ದು ಕಾಣುತ್ತೆ, ಆದರೆ ಸೂಕ್ಷ್ಮ ವಿವರ ಕಳೆದುಹೋಗುತ್ತೆ. ನಮಗೆ ಇಷ್ಟವಾಗೋದು ಇನ್ನೊಂದು ಉಪಾಯ: ಕಂಡೆನ್ಸರ್ ಕೆಳಗಿನ ಫಿಲ್ಟರ್ ಜಾಗದ ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚೋದು. ಬೆಳಕು ಓರೆಯಾಗಿ ಬಿದ್ದು ಕಾಲುಗಳು ಉಬ್ಬಿದ ಹಾಗೆ ಕಾಣುತ್ತವೆ. ಖರ್ಚು ಸೊನ್ನೆ. ಹ್ಯಾಲೋಜನ್ ಬಲ್ಬಾದರೆ ಕಾಯೋ ಹೊತ್ತಿನಲ್ಲಿ ಆರಿಸಿಡಿ, ಬಿಸಿಗೆ ನೀರು ಬೇಗ ಆರುತ್ತೆ.

ಇನ್ನು ಫೋಕಸ್. ಎನ್.ಎ. 0.65 ಇರೋ 40ಎಕ್ಸ್ ಆಬ್ಜೆಕ್ಟಿವ್‌ನಲ್ಲಿ ಒಮ್ಮೆಗೆ ಸ್ಪಷ್ಟವಾಗಿ ಕಾಣೋ ಆಳ ಹೆಚ್ಚುಕಡಿಮೆ ತರಂಗಾಂತರವನ್ನು ಎನ್.ಎ. ವರ್ಗದಿಂದ ಭಾಗಿಸಿದಷ್ಟು. ಹಸಿರು ಬೆಳಕಿಗೆ ಅದು 1.3 ಮೈಕ್ರಾನ್. 50 ಮೈಕ್ರಾನ್ ಎತ್ತರದ ಚಿಪ್ಪನ್ನು ಪೂರ್ತಿ ತೋರಿಸಬೇಕಂದ್ರೆ ಫೋಕಸ್ ಬದಲಿಸುತ್ತಾ 40 ಫೋಟೋ ತೆಗೆದು ಸಾಫ್ಟ್‌ವೇರ್‌ನಲ್ಲಿ ಜೋಡಿಸಬೇಕು. ಚಿಪ್ಪು ಸುಮ್ಮನೆ ಕೂರುತ್ತೆ, ಕಾಲು ಕೂರಲ್ಲ. ಮೊದಲ ಫೋಟೋಗೂ ಕೊನೆಯ ಫೋಟೋಗೂ ನಡುವೆ ಅದು ಆಕಾರ ಬದಲಿಸಿರುತ್ತೆ, ಸಾಫ್ಟ್‌ವೇರ್ ಇಲ್ಲದ ಕಾಲನ್ನೂ ಸೇರಿಸಿಬಿಡುತ್ತೆ. 10ಎಕ್ಸ್, ಎನ್.ಎ. 0.25 ಆದರೆ ಆ ಆಳ ಸುಮಾರು 9 ಮೈಕ್ರಾನ್. ವಿವರ ಕಡಿಮೆ, ಆದರೆ ಒಂದೇ ಕ್ಲಿಕ್‌ನಲ್ಲಿ ಜೀವ ಸಿಗುತ್ತೆ. ಜೀವಂತ ಅಮೀಬಾಕ್ಕೆ ನಮ್ಮ ಓಟು 10ಎಕ್ಸ್‌ಗೇ.

ಅಮೆರಿಕದ ಜೋಸೆಫ್ ಲೀಡಿ 1879ರಲ್ಲಿ ಪ್ರಕಟಿಸಿದ ರೈಜೋಪಾಡ್‌ಗಳ ಪುಸ್ತಕದಲ್ಲಿ ಇವುಗಳ ಬಣ್ಣದ ಚಿತ್ರಗಳಿವೆ. ಕೈಯಲ್ಲಿ ಬರೆಯೋರಿಗೆ ಈ ತಾಪತ್ರಯ ಕಡಿಮೆ, ಫೋಕಸ್ ತಿರುಗಿಸುತ್ತಾ ಕಂಡದ್ದನ್ನೆಲ್ಲ ಒಂದೇ ಚಿತ್ರದಲ್ಲಿ ಸೇರಿಸಬಹುದು. ಅದು ಚಿತ್ರ ಅಂತ ನೋಡೋರಿಗೂ ಗೊತ್ತು. ಫೋಟೋವನ್ನು ಮಾತ್ರ ಜನ ಸಾಕ್ಷಿ ಅಂತ ನಂಬ್ತಾರೆ. ಆದ್ದರಿಂದ ಚಿಪ್ಪನ್ನು 40 ಫೋಟೋಗಳಿಂದಲೂ ಕಾಲುಗಳನ್ನು ಒಂದೇ ಫೋಟೋದಿಂದಲೂ ತೆಗೆದು ಜೋಡಿಸಿದ್ರೆ ಹಾಗಂತ ಚಿತ್ರದ ಕೆಳಗೆ ಬರೀಬೇಕು. ಯಾವ ಆಬ್ಜೆಕ್ಟಿವ್, ಎಲ್ಲಿಯ ನೀರು, ಅಳತೆಯ ಗೆರೆ ಎಷ್ಟು ಮೈಕ್ರಾನ್ ಅನ್ನೋದೂ ಇರಲಿ.

ಕಾಯುವಾಗ ವಿಡಿಯೋ ಆನ್ ಮಾಡಿಡೋದು ಒಳ್ಳೇದು. ಬೆನ್ನು ಕೆಳಗಾಗಿ ಬಿದ್ದ ಆರ್ಸೆಲ್ಲಾ ಒಳಗೇ ಗಾಳಿಗುಳ್ಳೆ ಮಾಡಿಕೊಂಡು ಮಗುಚಿ ಏಳಬಲ್ಲದು. ಅದು ಒಂದು ಫೋಟೋದಲ್ಲಿ ಹಿಡಿಯೋ ವಿಷಯವಲ್ಲ. ಕೆಲಸ ಮುಗಿದ ಮೇಲೆ ಸ್ಲೈಡನ್ನು ನಲ್ಲಿ ಕೆಳಗೆ ಹಿಡೀಬೇಡಿ, ತಂದ ನೀರಿನ ಬಾಟಲಿಗೇ ತೊಳೆದುಬಿಡಿ.