ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಮತ್ತು ಜನಜೀವನ

ಪೀಠಿಕೆ

ಒಂದು ಜಿಲ್ಲೆಯ ಪರಿಚಯವೆಂದರೆ ಅದರ ವಿಸ್ತೀರ್ಣ, ಮಳೆ, ಬೆಳೆ ಹಾಗೂ ಜನಸಂಖ್ಯೆಗಳ ಪಟ್ಟಿ ಎಂಬ ಭಾವನೆ ಶಾಲಾ ಭೂಗೋಳದಲ್ಲಿ ಬಹುಕಾಲದಿಂದ ಬೇರೂರಿದೆ. ಅಂಕಿಗಳು ಅವಶ್ಯವೇ ಸರಿ. ಆದರೆ ಅಂಕಿಯೊಂದು ಯಾರ ಬದುಕಿನಿಂದ ಹುಟ್ಟಿತು, ಯಾರ ಬದುಕನ್ನು ಮರೆಮಾಡುತ್ತದೆ ಎಂಬ ಪ್ರಶ್ನೆಯನ್ನು ಕೇಳದಿದ್ದರೆ ಆ ಪಾಠ ಅಪೂರ್ಣವಾಗುತ್ತದೆ. ಈ ಪ್ರಶ್ನೆಗೆ ಬೆಂಗಳೂರು ನಗರ ಜಿಲ್ಲೆಗಿಂತ ಉತ್ತಮವಾದ ನಿದರ್ಶನ ಕರ್ನಾಟಕದಲ್ಲಿ ದೊರೆಯಲಾರದು. ರಾಜ್ಯದ ಪ್ರತಿಯೊಂದು ಊರಿನಿಂದಲೂ ಯಾರಾದರೊಬ್ಬರು ಅಲ್ಲಿಗೆ ಹೋಗಿ ನೆಲೆಸಿರುವುದರಿಂದ ಅದು ಒಂದರ್ಥದಲ್ಲಿ ಎಲ್ಲ ಜಿಲ್ಲೆಗಳ ಜಿಲ್ಲೆಯೂ ಆಗಿದೆ.

ಜಿಲ್ಲೆಯ ಸ್ವರೂಪ

ಹಿಂದಿನ ಬೆಂಗಳೂರು ಜಿಲ್ಲೆಯನ್ನು 1986ರಲ್ಲಿ ನಗರ ಜಿಲ್ಲೆ ಮತ್ತು ಗ್ರಾಮಾಂತರ ಜಿಲ್ಲೆ ಎಂದು ವಿಭಜಿಸಲಾಯಿತು. ಸುಮಾರು 2,190 ಚದರ ಕಿಲೋಮೀಟರ್ ವಿಸ್ತಾರದ ಈ ನಗರ ಜಿಲ್ಲೆ ರಾಜ್ಯದ ನೆಲದಲ್ಲಿ ನೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಆದರೆ 2011ರ ಜನಗಣತಿಯಂತೆ ಇಲ್ಲಿ ವಾಸವಿದ್ದವರು 96,21,551 ಮಂದಿ. ಅಂದರೆ ರಾಜ್ಯದ ಜನರಲ್ಲಿ ಶೇ. 15ಕ್ಕೂ ಮಿಗಿಲಾದ ಭಾಗ. ಚದರ ಕಿಲೋಮೀಟರಿಗೆ ರಾಜ್ಯದಲ್ಲಿ ಸರಾಸರಿ 319 ಜನರಿದ್ದರೆ ಈ ಜಿಲ್ಲೆಯಲ್ಲಿ ಸುಮಾರು 4,380 ಜನರಿದ್ದರು.

ಹೆಸರಿನಲ್ಲಿ ನಗರವೆಂದಿದ್ದರೂ ಜಿಲ್ಲೆಯೆಲ್ಲವೂ ನಗರವಲ್ಲ. 2011ರಲ್ಲಿ ಶೇ. 91ರಷ್ಟು ಜನ ಪಟ್ಟಣವಾಸಿಗಳಾಗಿದ್ದರು. ಉಳಿದ ಎಂಟೂವರೆ ಲಕ್ಷಕ್ಕೂ ಹೆಚ್ಚು ಮಂದಿ ಹಳ್ಳಿಗಳಲ್ಲಿದ್ದರು. ಆನೇಕಲ್ ತಾಲ್ಲೂಕಿನಲ್ಲಿ ರಾಗಿಯ ಹೊಲವೂ ಬನ್ನೇರುಘಟ್ಟದ ಕಾಡೂ ಬಹುಮಹಡಿ ಕಟ್ಟಡಗಳೂ ನೆರೆಹೊರೆಯಾಗಿವೆ. ಹೀಗಿರುವಲ್ಲಿ ಜನಸಾಂದ್ರತೆಯ ಸರಾಸರಿಯೊಂದೇ ಕಿಕ್ಕಿರಿದ ಹಳೆಯ ಪೇಟೆಯನ್ನೂ ಬಯಲು ಭೂಮಿಯನ್ನೂ ಸರಿಯಾಗಿ ವರ್ಣಿಸಲಾರದು.

ಜನ ಬಂದ ಬಗೆ

1537ರಲ್ಲಿ ಕೆಂಪೇಗೌಡರು ಕಟ್ಟಿದ ಕೋಟೆ ಪೇಟೆಗಳ ಊರು ವರ್ತಕರಿಗೂ ಕುಶಲಕರ್ಮಿಗಳಿಗೂ ಆಶ್ರಯವಾಯಿತು. 1809ರಲ್ಲಿ ಬ್ರಿಟಿಷರು ದಂಡು ಪ್ರದೇಶವನ್ನು ಸ್ಥಾಪಿಸಿದ ಬಳಿಕ ಸೈನ್ಯದೊಂದಿಗೆ ತಮಿಳು ಭಾಷಿಕರು ಬಹುಸಂಖ್ಯೆಯಲ್ಲಿ ಬಂದು ನೆಲೆಸಿದರು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಹಿಂದುಸ್ತಾನ್ ವಿಮಾನ ಕಾರ್ಖಾನೆ, ದೂರವಾಣಿ ಕಾರ್ಖಾನೆ, ಗಡಿಯಾರ ಹಾಗೂ ಯಂತ್ರೋಪಕರಣಗಳ ಕಾರ್ಖಾನೆ, ಭಾರತ್ ಎಲೆಕ್ಟ್ರಾನಿಕ್ಸ್ ಇವೆಲ್ಲ ಒಂದರ ಹಿಂದೊಂದು ತಲೆಯೆತ್ತಿದವು. 1949ರಲ್ಲಿ ನಗರ ಮತ್ತು ದಂಡು ಎರಡೂ ಒಂದೇ ಪಾಲಿಕೆಯ ಆಡಳಿತಕ್ಕೆ ಸೇರಿದವು. 1941ರಲ್ಲಿ ಸುಮಾರು 4 ಲಕ್ಷವಿದ್ದ ನಗರದ ಜನಸಂಖ್ಯೆ 1951ರಲ್ಲಿ 7 ಲಕ್ಷವನ್ನು ಮೀರಿತು. 1981ರಲ್ಲಿ 29 ಲಕ್ಷವನ್ನು ಮುಟ್ಟಿತು. ಅನಂತರದ ದಶಕಗಳಲ್ಲಿ ಪೀಣ್ಯದ ಸಣ್ಣ ಕೈಗಾರಿಕೆಗಳು, ಸಿದ್ಧ ಉಡುಪಿನ ಕಾರ್ಖಾನೆಗಳು ಮತ್ತು ಮಾಹಿತಿ ತಂತ್ರಜ್ಞಾನದ ಸಂಸ್ಥೆಗಳು ಹೊಸಬರನ್ನು ಕೈಬೀಸಿ ಕರೆದವು. 2001ರಿಂದ 2011ರ ಹತ್ತೇ ವರ್ಷಗಳಲ್ಲಿ ಜಿಲ್ಲೆಯ ಜನಸಂಖ್ಯೆ ಶೇ. 47ರಷ್ಟು ಏರಿತು. ಅದೇ ಅವಧಿಯಲ್ಲಿ ರಾಜ್ಯದ ಏರಿಕೆ ಶೇ. 16ರ ಒಳಗೇ ಇತ್ತು.

ಇಂತಹ ಏರಿಕೆ ಜನನದಿಂದ ಮಾತ್ರ ಆಗುವಂಥದಲ್ಲ, ವಲಸೆಯಿಂದ ಆಗುವಂಥದು. ಗಣತಿಯ ಇನ್ನೊಂದು ಅಂಕಿಯೂ ಇದಕ್ಕೆ ಸಾಕ್ಷಿಯಾಗಿದೆ. ಆರು ವರ್ಷದವರೆಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ 944 ಹೆಣ್ಣುಮಕ್ಕಳಿದ್ದರೆ, ಒಟ್ಟು ಜನರಲ್ಲಿ ಸಾವಿರ ಪುರುಷರಿಗೆ 916 ಸ್ತ್ರೀಯರಷ್ಟೇ ಇದ್ದರು. ಈ ಅಂತರಕ್ಕೆ ಮುಖ್ಯ ಕಾರಣ, ದುಡಿಯುವ ವಯಸ್ಸಿನ ಪುರುಷರು ಸಂಸಾರವನ್ನು ಊರಿನಲ್ಲಿ ಬಿಟ್ಟು ಒಂಟಿಯಾಗಿ ಇಲ್ಲಿಗೆ ಬಂದಿರುವುದು. ಎರಡು ಅಂಕಿಗಳ ನಡುವಿನ ಆ ಚಿಕ್ಕ ಅಂತರದಲ್ಲಿ ಎಷ್ಟೋ ಹಳ್ಳಿಗಳ ಎಷ್ಟೋ ಮನೆಗಳ ಅಗಲಿಕೆ ಅಡಗಿದೆ.

ಭಾಷಾ ವೈವಿಧ್ಯವೂ ವಲಸೆಯ ಫಲವೇ. 2011ರಲ್ಲಿ ಜಿಲ್ಲೆಯ ಜನರಲ್ಲಿ ಸುಮಾರು ಶೇ. 44ರಷ್ಟು ಮಂದಿಗೆ ಕನ್ನಡ ಮಾತೃಭಾಷೆಯಾಗಿತ್ತು. ತಮಿಳು ಶೇ. 15, ತೆಲುಗು ಶೇ. 14 ಮತ್ತು ಉರ್ದು ಶೇ. 12ರಷ್ಟಿದ್ದವು. ಬೇರೆ ಬೇರೆ ಮಾತೃಭಾಷೆಯ ಮಕ್ಕಳು ಒಂದೇ ತರಗತಿಯಲ್ಲಿ ಕುಳಿತುಕೊಳ್ಳುವ ಈ ಜಿಲ್ಲೆಯಲ್ಲಿ ಕನ್ನಡವನ್ನು ಮನೆಯ ಮಾತಾಗಿ ಮಾತ್ರವಲ್ಲದೆ ಕೂಡಿಬಾಳುವ ಮಾತಾಗಿಯೂ ಕಲಿಸಬೇಕಾದ ಹೊಣೆ ಶಾಲೆಗಳ ಮೇಲಿದೆ.

ನೀರಿನ ಕಥೆ

ಯಾವುದೇ ನಗರದ ಜೀವನಸ್ಥಿತಿಯನ್ನು ಅಳೆಯಲು ನೀರಿಗಿಂತ ನೇರವಾದ ಅಳತೆಗೋಲು ಬೇರೊಂದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿರುವ ಬೆಂಗಳೂರಿನ ಬಳಿಯಲ್ಲಿ ದೊಡ್ಡ ನದಿಯಿಲ್ಲ. ಬಿದ್ದ ಮಳೆ ಒಂದೆಡೆ ವೃಷಭಾವತಿಯ ಮೂಲಕ ಅರ್ಕಾವತಿಗೂ, ಇನ್ನೊಂದೆಡೆ ಹೆಬ್ಬಾಳ ಹಾಗೂ ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೂ ಹರಿದುಹೋಗುತ್ತದೆ. ಇದನ್ನರಿತ ಹಿರಿಯರು ಕಣಿವೆಗಳುದ್ದಕ್ಕೂ ಕೆರೆಗಳನ್ನು ಕಟ್ಟಿ, ಒಂದರ ಕೋಡಿಯ ನೀರು ರಾಜಕಾಲುವೆಯ ಮೂಲಕ ಮುಂದಿನದನ್ನು ತುಂಬುವಂತೆ ಏರ್ಪಡಿಸಿದ್ದರು. ಆ ಕೆರೆಗಳಲ್ಲಿ ಹಲವು ಇಂದಿಲ್ಲ. ಧರ್ಮಾಂಬುಧಿ ಕೆರೆಯಿದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ.

ಜನ ಹೆಚ್ಚಿದಂತೆ ನೀರನ್ನು ದೂರದಿಂದ ತರಬೇಕಾಯಿತು. 1890ರ ದಶಕದಲ್ಲಿ ಅರ್ಕಾವತಿಯ ಹೆಸರಘಟ್ಟದಿಂದಲೂ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ನೀರು ಬಂದಿತು. 1974ರಲ್ಲಿ ನೂರು ಕಿಲೋಮೀಟರ್ ಆಚೆಯ ಕಾವೇರಿಯನ್ನು ಸುಮಾರು 500 ಮೀಟರ್ ಮೇಲಕ್ಕೆತ್ತಿ ತರುವ ಮೊದಲನೆಯ ಹಂತ ಪೂರ್ಣಗೊಂಡಿತು. 1982, 1993, 2002 ಮತ್ತು 2012ರಲ್ಲಿ ಮುಂದಿನ ಹಂತಗಳು ನೆರವೇರಿದವು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾವೇರಿ ತೀರ್ಪಿನಲ್ಲಿ ನಗರದ ಕುಡಿಯುವ ನೀರಿಗೆಂದು 4.75 ಟಿ.ಎಂ.ಸಿ.ಯಷ್ಟು ಹೆಚ್ಚುವರಿ ಪಾಲನ್ನು ಒಪ್ಪಿತು. ಪ್ರತಿಸಲವೂ ಜನ ಮೊದಲು ಬಂದರು, ನೀರು ಅನಂತರ ಬಂದಿತು. ಬರುವಷ್ಟರಲ್ಲಿ ಇನ್ನೊಂದು ಹೊಸ ಅಂಚು ಬಾಯಾರಿ ನಿಂತಿತ್ತು.

ಈ ತಡದ ಬೆಲೆಯನ್ನು ತೆತ್ತವರು ಯಾರು? 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದಾಗ ಸುತ್ತಣ 110 ಹಳ್ಳಿಗಳು ಅದರೊಳಗೆ ಸೇರಿದವು. ತೆರಿಗೆಯ ಪುಸ್ತಕದಲ್ಲಿ ಅವು ಅಂದೇ ನಗರವಾದವು. ಕೊಳಾಯಿಯ ಲೆಕ್ಕದಲ್ಲಿ ಬಹುಕಾಲ ಹಳ್ಳಿಯಾಗಿಯೇ ಉಳಿದವು. ಅವುಗಳಿಗೆಂದೇ ಕೈಗೊಂಡ ಕಾವೇರಿ ಐದನೆಯ ಹಂತ, ದಿನಕ್ಕೆ 775 ದಶಲಕ್ಷ ಲೀಟರ್ ನೀರಿನ ಯೋಜನೆ, ಉದ್ಘಾಟನೆಗೊಂಡದ್ದು 2024ರ ಅಕ್ಟೋಬರಿನಲ್ಲಿ. 2007ರಲ್ಲಿ ಅಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ಹದಿನೇಳು ವರ್ಷದ ವಿದ್ಯಾರ್ಥಿಯಾಗಿತ್ತು. ಅದೇ 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿಹೋಗಿ ಟ್ಯಾಂಕರಿನ ನೀರಿಗೆ ಸರ್ಕಾರವೇ ದರ ನಿಗದಿ ಮಾಡಬೇಕಾಯಿತು. ಕೊಳಾಯಿಯುಳ್ಳ ಹಳೆಯ ಬಡಾವಣೆಯವನು ಅಲ್ಪ ಹಣಕ್ಕೆ ಪಡೆಯುವ ನೀರನ್ನು ಅಂಚಿನ ಬಾಡಿಗೆದಾರನು ಹಲವು ಪಟ್ಟು ಹಣ ಕೊಟ್ಟು ಪಡೆಯಬೇಕಾದುದು ಈ ಜಿಲ್ಲೆಯ ದೊಡ್ಡ ವಿಪರ್ಯಾಸ.

ವಸತಿ ಮತ್ತು ದುಡಿಮೆ

1898ರ ಪ್ಲೇಗು ಇಕ್ಕಟ್ಟಾದ ಪೇಟೆಯ ಮನೆಗಳಲ್ಲಿ ಹಾವಳಿಯೆಬ್ಬಿಸಿದ ಮೇಲೆ ಗಾಳಿ ಬೆಳಕುಗಳುಳ್ಳ ಬಸವನಗುಡಿ ಮತ್ತು ಮಲ್ಲೇಶ್ವರದ ಬಡಾವಣೆಗಳು ಬೆಳೆದವು. ವಸತಿಯೂ ಆರೋಗ್ಯವೂ ಬೇರೆಬೇರೆಯಲ್ಲ ಎಂಬ ಪಾಠವನ್ನು ನಗರವು ಅಂದೇ ಕಲಿತಿತ್ತು. ಆದರೆ ಎಲ್ಲರಿಗೂ ನಿವೇಶನ ದೊರೆಯಲಿಲ್ಲ. ಒಂದೇ ಅಂಗಳ, ಒಂದೇ ನಲ್ಲಿಯ ಸುತ್ತ ಹಲವು ಸಂಸಾರಗಳು ಬಾಳುತ್ತಿದ್ದ ವಠಾರಗಳು ಮಧ್ಯಮವರ್ಗಕ್ಕೂ ಕೆಳಮಧ್ಯಮವರ್ಗಕ್ಕೂ ಆಸರೆಯಾದವು. ಅದಕ್ಕೂ ಶಕ್ತಿಯಿಲ್ಲದವರು ಕೊಳೆಗೇರಿಗಳನ್ನು ಸೇರಿದರು. 2011ರ ಗಣತಿಯಂತೆ ಪಾಲಿಕೆಯ ವ್ಯಾಪ್ತಿಯಲ್ಲಿ ಏಳು ಲಕ್ಷದಷ್ಟು ಮಂದಿ ಕೊಳೆಗೇರಿಗಳಲ್ಲಿದ್ದರು.

ಗಣತಿಯ ಯಾವ ಕಲಮಿಗೂ ಸುಲಭವಾಗಿ ಸಿಕ್ಕದ ಮತ್ತೊಂದು ವರ್ಗವುಂಟು. ಕಲಬುರಗಿ, ಯಾದಗಿರಿ, ರಾಯಚೂರು ಮೊದಲಾದ ಜಿಲ್ಲೆಗಳಿಂದ ಮಳೆ ಕೈಕೊಟ್ಟ ವರ್ಷ ಕುಟುಂಬ ಸಮೇತ ಬರುವ ಕಟ್ಟಡ ಕಾರ್ಮಿಕರು ಖಾಲಿ ನಿವೇಶನಗಳಲ್ಲಿ ನೀಲಿ ತಾಡಪಾಲಿನ ಗುಡಾರಗಳನ್ನು ಹೂಡಿಕೊಂಡು ಬಾಳುತ್ತಾರೆ. ಕಟ್ಟಡ ಮುಗಿದರೆ ಗುಡಾರ ಏಳುತ್ತದೆ; ಗುಡಾರದೊಂದಿಗೆ ಮಗುವಿನ ಶಾಲೆಯೂ ತಪ್ಪುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕಾಗಿ 1996ರಲ್ಲಿಯೇ ಕೇಂದ್ರ ಕಾಯಿದೆ ಬಂದಿದ್ದರೂ, ನೋಂದಣಿಯಾಗದವನಿಗೆ ಅದರ ನೆರವು ದಕ್ಕದು. 2020ರ ಲಾಕ್‌ಡೌನ್ ಸಮಯದಲ್ಲಿ ಗಂಟುಮೂಟೆ ಹೊತ್ತು ಊರಿಗೆ ಹೊರಟ ಜನರ ಸಾಲು, ಈ ನಗರವನ್ನು ಕಟ್ಟಿದವರಿಗೆ ಇಲ್ಲಿ ನೆಲೆಯೆಂಬುದಿಲ್ಲ ಎಂಬ ಸತ್ಯವನ್ನು ಎಲ್ಲರ ಕಣ್ಣಿಗೂ ತೋರಿಸಿತು.

ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಗೆಯಂತ್ರದ ಮುಂದೆ ದುಡಿಯುವವರಲ್ಲಿ ಹೆಚ್ಚಿನವರು ಸ್ತ್ರೀಯರು. ಭವಿಷ್ಯನಿಧಿಯ ಹಣವನ್ನು ಹಿಂತೆಗೆಯುವ ನಿಯಮ ಬಿಗಿಯಾದಾಗ 2016ರ ಏಪ್ರಿಲಿನಲ್ಲಿ ಅವರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದುದು, ಆ ನಿಯಮವನ್ನು ಕೇಂದ್ರ ಸರ್ಕಾರ ಹಿಂತೆಗೆದುಕೊಂಡುದು ಗಮನಾರ್ಹ. 2023ರ ಜೂನ್‌ನಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣ ದೊರೆತುದು ಇಂತಹ ಕುಟುಂಬಗಳ ತಿಂಗಳ ಲೆಕ್ಕದಲ್ಲಿ ಸಣ್ಣ ಸಂಗತಿಯಲ್ಲ.

ನಗರದ ಭಾರ, ನೆರೆಯ ಹೆಗಲು

ನಗರವು ತನಗೆ ಬೇಕಾದುದನ್ನು ದೂರದಿಂದ ತರುವಂತೆ ಬೇಡವಾದುದನ್ನು ದೂರಕ್ಕೆ ಕಳುಹಿಸುತ್ತದೆ. ಜಿಲ್ಲೆಯ ಅಂಚಿನ ಮಾವಳ್ಳಿಪುರ ಮತ್ತು ಮಂಡೂರುಗಳಲ್ಲಿ ನಗರದ ಕಸ ವರ್ಷಗಟ್ಟಲೆ ರಾಶಿಬಿದ್ದಿತು. ಬಾವಿಯ ನೀರು ಕೆಟ್ಟು ರೋಸಿಹೋದ ಹಳ್ಳಿಗರ ಹೋರಾಟದ ಫಲವಾಗಿ 2014ರಲ್ಲಿ ಮಂಡೂರಿಗೆ ಕಸ ಸಾಗಿಸುವುದು ನಿಂತಿತು. ಬೆಳ್ಳಂದೂರು ಕೆರೆ ಕೊಳಚೆಯಿಂದ ನೊರೆಯುಕ್ಕಿ, 2017 ಮತ್ತು 2018ರಲ್ಲಿ ಬೆಂಕಿಯನ್ನೂ ಕಂಡಿತು.

ಇದೇ ಕೊಳಚೆಯನ್ನು ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಒಣಗಿದ ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಆರಂಭವಾಯಿತು. ಅಂತರ್ಜಲ ಏರಿತೆಂದು ಹರ್ಷಪಟ್ಟ ರೈತರೂ ಇದ್ದಾರೆ. ಶುದ್ಧೀಕರಣ ಇನ್ನೂ ಒಂದು ಹಂತ ಮುಂದುವರಿಯಬೇಕೆಂದು ಒತ್ತಾಯಿಸುವವರೂ ಇದ್ದಾರೆ. ನಗರ ಮತ್ತು ಹಳ್ಳಿ ಪರಸ್ಪರ ವಿರೋಧಿಗಳಾಗಿಯೇ ಇರಬೇಕಾಗಿಲ್ಲ, ಆದರೆ ಕೊಡುಕೊಳೆ ನ್ಯಾಯವಾಗಿರಬೇಕು ಎಂಬುದನ್ನು ಈ ಎರಡು ಪ್ರಸಂಗಗಳು ಸ್ಪಷ್ಟಪಡಿಸುತ್ತವೆ.

ಸರಾಸರಿಯ ಮರೆ

ಸಾಕ್ಷರತೆಯಲ್ಲಿ ಜಿಲ್ಲೆಯದು ಅಗ್ರಪಂಕ್ತಿ. 2011ರಲ್ಲಿ ರಾಜ್ಯದ ಪ್ರಮಾಣ ಸುಮಾರು ಶೇ. 75 ಇದ್ದಾಗ ಇಲ್ಲಿ ಶೇ. 87ನ್ನು ಮೀರಿತ್ತು. ಆದರೂ ಪುರುಷರಲ್ಲಿ ಶೇ. 91, ಸ್ತ್ರೀಯರಲ್ಲಿ ಶೇ. 84 ಎಂಬ ಅಂತರ ಉಳಿದಿತ್ತು. ಗುಡಾರದ ಮಗುವೂ ಬಂಗಲೆಯ ಮಗುವೂ ಒಂದೇ ಸರಾಸರಿಯಲ್ಲಿ ಕರಗಿಹೋಗುವುದನ್ನು ಮರೆಯಬಾರದು. ಐದು ಮನೆಗಳಿವೆಯೆಂದು ಭಾವಿಸೋಣ. ನಾಲ್ಕು ಮನೆಗಳಲ್ಲಿ ತಲೆಗೆ 40 ಲೀಟರ್ ನೀರು, ಐದನೆಯದರಲ್ಲಿ 240 ಲೀಟರ್. ಐದು ಅಂಕಿಗಳ ಸರಾಸರಿ 80 ಲೀಟರ್. ವರದಿಯಲ್ಲಿ 80 ಎಂದೇ ಬರೆಯಲಾಗುತ್ತದೆ. ಆದರೆ 80 ಲೀಟರ್ ಪಡೆಯುವ ಮನೆ ಆ ಬೀದಿಯಲ್ಲಿ ಒಂದೂ ಇಲ್ಲ!

ಇದಕ್ಕಿಂತ ಗಂಭೀರವಾದುದು ಎಣಿಕೆಯೇ ಹಳತಾಗಿರುವ ಸಂಗತಿ. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ನಡೆಯಲಿಲ್ಲ. 2025ರ ಜೂನ್ ತಿಂಗಳ ಅಧಿಸೂಚನೆಯು ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಆಧಾರದಿನವಾಗಿ ಗೊತ್ತುಪಡಿಸಿತು. 2025ರಲ್ಲಿ ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರಪಾಲಿಕೆಗಳು ರಚನೆಯಾದಾಗಲೂ ಕೈಯಲ್ಲಿದ್ದ ಜನಗಣತಿ 2011ರದೇ. ಎಣಿಸದವನಿಗೆ ಪಡಿತರವಿಲ್ಲ, ಕೊಳಾಯಿಯಿಲ್ಲ, ಹತ್ತಿರದಲ್ಲಿ ಶಾಲೆಯಿಲ್ಲ. ಆದಕಾರಣ ಗಣತಿಯು ಕೇವಲ ಆಡಳಿತದ ಕ್ರಮವಲ್ಲ, ಮನುಷ್ಯನ ಇರವನ್ನು ಒಪ್ಪಿಕೊಳ್ಳುವ ಕಾರ್ಯ.

ತರಗತಿಯಲ್ಲಿ ಈ ಪಾಠ

ಈ ವಿಷಯವನ್ನು ಬೋಧಿಸುವ ಶಿಕ್ಷಕರು ಪಠ್ಯದ ಅಂಕಿಗಳಿಂದ ಆರಂಭಿಸಿದರೂ ಅಲ್ಲಿಗೇ ನಿಲ್ಲಬೇಕಾಗಿಲ್ಲ. ಎಂಟನೆಯ ಅಥವಾ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಿಂದ ತಮ್ಮ ಬೀದಿಯ ಹತ್ತು ಮನೆಗಳ ವಿವರವನ್ನು ಸಂಗ್ರಹಿಸಬಹುದು: ಮನೆಯಲ್ಲಿ ಎಷ್ಟು ಜನ, ಎಷ್ಟು ಕೋಣೆ, ನೀರು ಎಲ್ಲಿಂದ, ವಾರಕ್ಕೆ ಎಷ್ಟು ದಿನ, ಹಿರಿಯರು ಹುಟ್ಟಿದ ಊರು ಯಾವುದು, ದುಡಿಯಲು ಎಷ್ಟು ದೂರ ಹೋಗುತ್ತಾರೆ, ಶಾಲೆ ಬಿಟ್ಟ ಮಕ್ಕಳಿದ್ದಾರೆಯೇ. ಮನೆಯವರ ಹೆಸರು ಬರೆಯದಿರುವುದು ಸೌಜನ್ಯ. ಹಳ್ಳಿಯ ಶಾಲೆಗಳಲ್ಲಾದರೆ, ಬೆಂಗಳೂರಿಗೆ ಹೋದವರು ಎಷ್ಟು ಮಂದಿ, ಯಾವ ಕೆಲಸಕ್ಕೆ, ಯಾವ ತಿಂಗಳಲ್ಲಿ ಹಿಂತಿರುಗುತ್ತಾರೆ ಎಂಬುದನ್ನು ವಿಚಾರಿಸಬಹುದು. ಸಂಗ್ರಹಿಸಿದ ವಿವರವನ್ನು ಕೋಷ್ಟಕದಲ್ಲಿ ಬರೆಸಿ, ಸರಾಸರಿಯನ್ನೂ ಅತಿ ಕಡಿಮೆಯ ಅಂಕಿಯನ್ನೂ ಅಕ್ಕಪಕ್ಕದಲ್ಲಿ ಇರಿಸಿದಾಗ ಮಕ್ಕಳಿಗೆ ಗಣಿತವೂ ಸಮಾಜವಿಜ್ಞಾನವೂ ಒಟ್ಟಿಗೆ ಅರ್ಥವಾಗುತ್ತವೆ.

ಉಪಸಂಹಾರ

ಬೆಂಗಳೂರು ನಗರ ಜಿಲ್ಲೆಯು ಲಕ್ಷಾಂತರ ಜನರಿಗೆ ಅನ್ನ, ಅಕ್ಷರ, ಉದ್ಯೋಗಗಳನ್ನು ಒದಗಿಸಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅಲ್ಲಿ ಸೌಕರ್ಯವು ಸದಾ ಜನರ ಹಿಂದೆ ನಡೆದುಬಂದಿದೆ. ಕಡೆಗೆ ಬಂದವರೂ ಅಂಚಿನಲ್ಲಿರುವವರೂ ಹೆಚ್ಚು ತೆತ್ತು ಕಡಿಮೆ ಪಡೆದಿದ್ದಾರೆ. ಜಿಲ್ಲೆಯ ಏಳಿಗೆಯನ್ನು ಅತಿ ಎತ್ತರದ ಕಟ್ಟಡದಿಂದ ಅಳೆಯದೆ, ಕಟ್ಟಕಡೆಯ ಮನೆಯ ಕೊಡದಲ್ಲಿರುವ ನೀರಿನಿಂದ ಅಳೆಯುವ ದೃಷ್ಟಿಯನ್ನು ಮುಂದಿನ ಪೀಳಿಗೆಗೆ ನೀಡುವುದು ಶಾಲೆಯಿಂದ ಆಗಬೇಕಾದ ಕೆಲಸ. ಅಂತಹ ದೃಷ್ಟಿಯುಳ್ಳ ವಿದ್ಯಾರ್ಥಿ ನಾಳೆ ಎಂಜಿನಿಯರನಾಗಲಿ, ಅಧಿಕಾರಿಯಾಗಲಿ, ಗಣತಿಯ ಪುಸ್ತಕ ಹಿಡಿದ ಉಪಾಧ್ಯಾಯನಾಗಲಿ, ಗುಡಾರದ ಬಾಗಿಲನ್ನೂ ತಟ್ಟದೆ ಮುಂದೆ ಹೋಗಲಾರನು.