ಬ್ರಶ್ ಕಟರ್ ಪಿಸ್ಟನ್ ಹೋಯ್ತಾ? ಹೊಸದು ಹಾಕಿಸುವ ಮೊದಲು ಇಷ್ಟು ನೋಡಿ

ಮಳೆ ಬಿಟ್ಟ ಸಮಯ. ಅಡಿಕೆ ತೋಟದಲ್ಲಿ ಹುಲ್ಲು ಮೊಣಕಾಲು ದಾಟಿತ್ತು. ಬಿದ್ದ ಅಡಿಕೆ ಹೆಕ್ಕಲು ಮರುದಿನ ಜನ ಬರುವವರಿದ್ದರು. ಅರ್ಧ ತೋಟ ಮುಗಿಯುವಾಗ ನನ್ನ ಬ್ರಶ್ ಕಟರ್ ಇದ್ದಕ್ಕಿದ್ದಂತೆ ಜೋರಾಗಿ ಕಿರುಚಿ ನಿಂತುಬಿಟ್ಟಿತು. ತಣ್ಣಗಾದ ಮೇಲೆ ಹಗ್ಗ ಎಳೆದರೆ ಹಿಡಿತವೇ ಇಲ್ಲ. ಗ್ಯಾರೇಜಿನಲ್ಲಿ “ಪಿಸ್ಟನ್ ಹೋಗಿದೆ” ಅಂದ್ರು, ಹೊಸದು ಹಾಕಿಸಿದೆ. ಮೂರೇ ವಾರಕ್ಕೆ ಅದೂ ಹೋಯ್ತು! ಪಕ್ಕದ ತೋಟದವರು “ಒಂದ್ಸಲ ಕಳೆ ಮದ್ದು ಹೊಡೆದುಬಿಡಿ ಮಾರಾಯ್ರೆ” ಅಂದ್ರು. ಸಾವಯವ ತೋಟದಲ್ಲಿ ವರ್ಷಗಟ್ಟಲೆ ಕಾಪಾಡಿದ್ದು ಆ ಒಂದು ಟ್ಯಾಂಕಿಗೆ ಹೋಗ್ತದೆ. ಹಾಗಾಗಿ ನಮ್ಮಂಥವರಿಗೆ ಈ ಮೆಷಿನ್ ನಿಲ್ಲುವುದು ಸಣ್ಣ ವಿಷಯ ಅಲ್ಲ.

ಮೊದಲು ಒಂದು ಮಾತು. ಪೆಟ್ರೋಲಿಗೇ ಎಣ್ಣೆ ಬೆರೆಸಿ ಹಾಕುವ ಟೂ ಸ್ಟ್ರೋಕ್ ಎಂಜಿನ್ನಿಗೆ ಮಾತ್ರ ಈ ಪಾಠ. ಎಣ್ಣೆಗೆ ಬೇರೆ ಜಾಗ ಇದ್ದರೆ ಅದು ಫೋರ್ ಸ್ಟ್ರೋಕ್, ಅದರ ಕಥೆ ಬೇರೆ. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ನಿಗೆ ಸಿಗುವ ಎಣ್ಣೆ ಪೆಟ್ರೋಲಿನ ಜೊತೆ ಬಂದಷ್ಟೇ. ಪೆಟ್ರೋಲ್ ಕಡಿಮೆ ಬಂದರೆ ಎಣ್ಣೆಯೂ ಕಡಿಮೆ. ಮಂಗಳೂರಿನ ಕಡೆ ದೋಣಿಗೆ ಕಟ್ಟುವ ಹಳೇ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ನಿನ ಪಿಸ್ಟನ್ ಕೆಡುವುದೂ ಹೆಚ್ಚುಕಡಿಮೆ ಹೀಗೆಯೇ.

ಸ್ವಿಚ್ ಆಫ್ ಮಾಡಿ, ಪ್ಲಗ್ಗಿನ ಕ್ಯಾಪ್ ತೆಗೆದು, ಸೈಲೆನ್ಸರ್ ತಣ್ಣಗಾದ ಮೇಲೆ ಶುರು ಮಾಡಿ. ಹಗ್ಗವನ್ನು ನಿಧಾನ ಎಳೆಯಿರಿ. ಒಳ್ಳೇ ಎಂಜಿನ್ ಒಂದು ಕಡೆ ತಡೆದು, ಆಮೇಲೆ ಬಿಡ್ತದೆ. ಸಲೀಸಾಗಿ ಬಂದರೆ ಕಂಪ್ರೆಷನ್ ಇಲ್ಲ. ಆದರೆ ಪ್ಲಗ್ ಸಡಿಲ ಇದ್ದರೂ ಹೀಗೇ ಆಗ್ತದೆ, ಅದನ್ನು ಮೊದಲು ಬಿಗಿ ಮಾಡಿ. ಹಗ್ಗ ಅಲುಗಾಡುವುದೇ ಇಲ್ಲವಾದರೆ ಬಲ ಹಾಕಬೇಡಿ. ಕಂಪ್ರೆಷನ್ ಗೇಜ್ ಸಿಕ್ಕಿದರೆ ಪ್ಲಗ್ಗಿನ ತೂತಿಗೆ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಮುಳ್ಳು ನಿಲ್ಲುವವರೆಗೆ ಐದಾರು ಸಲ ಎಳೆಯಿರಿ. ಸಾಮಾನ್ಯವಾಗಿ 100 ಪಿಎಸ್‌ಐ ಮೇಲೆ ಇದ್ದರೆ ಚಿಂತೆ ಇಲ್ಲ, 90ಕ್ಕಿಂತ ಕೆಳಗೆ ಬಂದರೆ ಒಳಗೆ ನೋಡಲೇಬೇಕು.

ಒಳಗೆ ನೋಡಲು ಸಿಲಿಂಡರ್ ಬಿಚ್ಚಬೇಕಾಗಿಲ್ಲ. ಸೈಲೆನ್ಸರಿನ ಎರಡು ಮೂರು ಬೋಲ್ಟ್ ತೆಗೆದರೆ ಹೊಗೆ ಹೋಗುವ ಕಿಂಡಿ ಕಾಣ್ತದೆ. ಮೊಬೈಲಿನ ಟಾರ್ಚ್ ಹಾಕಿ, ಹಗ್ಗ ಎಳೆಯುತ್ತಾ ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಹತ್ತಿರದಿಂದ ವಿಡಿಯೋ ಮಾಡಿ. ತುಂಬಾ ಮೆಷಿನ್ನುಗಳಲ್ಲಿ ಕಾರ್ಬುರೇಟರ್ ಕಳಚಿದರೆ ಆ ಬದಿಯೂ ಕಾಣ್ತದೆ. ಪಿಸ್ಟನ್ ನಯವಾಗಿದ್ದು, ಕಿಂಡಿ ತುಂಬ ಮಸಿ ಕಟ್ಟಿದ್ದರೆ ಬಹುಶಃ ನಿಮ್ಮ ಪಿಸ್ಟನ್ ಹೋಗಿಲ್ಲ. ಮಸಿ ತೆಗೆಯಿರಿ, ಎಣ್ಣೆ ಹೆಚ್ಚು ಹಾಕುವುದನ್ನು ನಿಲ್ಲಿಸಿ. ಉದ್ದುದ್ದ ಗೀರು ಇದ್ದರೆ ಅದು ಯಾವ ಬದಿಯಲ್ಲಿದೆ ಅಂತ ನೋಡುವುದೇ ಮುಖ್ಯ. ನಾನು ಮೊದಲ ಸಲ ಮಾಡದೇ ಬಿಟ್ಟದ್ದು ಇದನ್ನೇ.

ಗೀರು ಹೊಗೆ ಹೋಗುವ ಬದಿಯಲ್ಲಿ ಮಾತ್ರ ಇದ್ದರೆ ಎಂಜಿನ್ನಿಗೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಹೋಗಿದೆ ಅಂತ ಸಂಶಯ ಪಡಿ. ಪಿಸ್ಟನ್ನಿನ ಅತಿ ಬಿಸಿ ಬದಿ ಅದೇ, ಎಣ್ಣೆಯ ಪದರ ಮೊದಲು ಹರಿಯುವುದೂ ಅಲ್ಲೇ. ಪೆಟ್ರೋಲ್ ಪೈಪ್ ಬಿರುಕು, ಕಾರ್ಬುರೇಟರಿನ ಹಿಂದಿನ ಗ್ಯಾಸ್ಕೆಟ್, ಕ್ರ್ಯಾಂಕಿನ ಸೀಲ್, ಟ್ಯಾಂಕಿನೊಳಗಿನ ಫಿಲ್ಟರ್ ಇವಿಷ್ಟನ್ನು ನೋಡಿ. ಸ್ಪೀಡ್ ಬರಲಿ ಅಂತ ಯಾರಾದರೂ ಸ್ಕ್ರೂ ತಿರುಗಿಸಿದ್ದಾರಾ ಅಂತಲೂ ಕೇಳಿ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಇಳಿಯದೆ ಕಿರುಚ್ತಾ ಇದ್ದರೆ ಎಲ್ಲಿಂದಲೋ ಗಾಳಿ ಎಳೀತಾ ಇರಬಹುದು. ನನ್ನದರಲ್ಲಿ ಪೈಪಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಅದನ್ನು ಬಿಟ್ಟು ಪಿಸ್ಟನ್ ಹಾಕಿದ್ದಕ್ಕೇ ಎರಡನೆಯದೂ ಹೋದದ್ದು.

ಸುತ್ತಲೂ ಗೀರು, ಅಲ್ಯೂಮಿನಿಯಂ ಕರಗಿ ಮೆತ್ತಿದ ಹಾಗೆ ಕಂಡರೆ ಎಣ್ಣೆ ಬೆರೆಸದ ಪೆಟ್ರೋಲ್ ಹೋಗಿರುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಬೈಕಿಗೊಂದು, ಮೆಷಿನ್ನಿಗೊಂದು ಒಂದೇ ಬಣ್ಣದ ಕ್ಯಾನ್ ಇಟ್ಟರೆ ಇದು ಆಗುವುದೇ. ತಂಪು ಮಾಡುವ ರೆಕ್ಕೆಗಳ ಸಂದಿಯಲ್ಲಿ ಹುಲ್ಲು ತುಂಬಿ ಬಿಸಿಯಾದರೂ ಹೀಗೆ ಸುತ್ತಲೂ ಹಿಡಿಯುವುದುಂಟು. ಬೆಳ್ತಂಗಡಿಯ ಘಟ್ಟದ ಬುಡದ ತೋಟಗಳಲ್ಲಿ, ಬಂಟ್ವಾಳದ ನೇತ್ರಾವತಿ ಬದಿಯಲ್ಲಿ ಒದ್ದೆ ಹುಲ್ಲು ಕತ್ತರಿಸುವವರು ದಿನಾ ಕವರ್ ತೆಗೆದು ನೋಡಬೇಕು.

ಕಾರ್ಬುರೇಟರ್ ಬದಿ ಸವೆದು ಮಂಕಾಗಿದ್ದರೆ ಧೂಳು ಒಳಗೆ ಹೋಗಿದೆ. ಮೂಡುಬಿದಿರೆ ಕಡೆಯ ಮುರಕಲ್ಲಿನ ಗುಡ್ಡೆಯಲ್ಲಿ ಬೇಸಗೆಯಲ್ಲಿ ಕೆಲಸ ಮಾಡಿದರೆ ಏರ್ ಫಿಲ್ಟರ್ ಕೆಂಪಾಗಲು ಒಂದೇ ದಿನ ಸಾಕು. ಫಿಲ್ಟರ್ ತೆಗೆದು ಓಡಿಸುವ ಚಾಳಿ ಇದ್ದರೆ ಇವತ್ತೇ ಬಿಡಿ.

ಎಣ್ಣೆಯ ವಿಷಯ. 1:50 ಅಂದರೆ ಲೀಟರಿಗೆ 20 ಮಿಲಿ, 1:25 ಅಂದರೆ 40 ಮಿಲಿ. ಯಾವುದು ಅನ್ನುವುದಕ್ಕೆ ಮೆಷಿನ್ನಿನ ಪುಸ್ತಕವೇ ಪ್ರಮಾಣ, ಅಂದಾಜಿಗೆ ಮುಚ್ಚಳದಲ್ಲಿ ಅಳೆಯಬೇಡಿ. ದೋಣಿಯವರು ಬಳಸುವ ಟಿಸಿ-ಡಬ್ಲ್ಯು3 ಎಣ್ಣೆ ನೀರಿನಿಂದ ತಂಪಾಗುವ ಎಂಜಿನ್ನಿಗೆ ಮಾಡಿದ್ದು. ಗಾಳಿಯಿಂದ ತಂಪಾಗುವ ನಮ್ಮ ಮೆಷಿನ್ನಿಗೆ ಡಬ್ಬದ ಮೇಲೆ ಜಾಸೋ ಎಫ್‌ಸಿ ಅಥವಾ ಎಫ್‌ಡಿ ಅಂತ ಇರುವುದನ್ನು ಹುಡುಕಿ. ಇನ್ನು, 20 ಶೇಕಡಾ ಎಥನಾಲ್ ಇರುವ ಇ20 ಪೆಟ್ರೋಲ್ 2023ರಲ್ಲಿ ಬಂದಿದೆ. ಎಥನಾಲ್ ನೀರು ಹೀರ್ತದೆ. ನಮ್ಮ ಮಳೆಗಾಲದಲ್ಲಿ ಕ್ಯಾನ್ ಸರಿ ಮುಚ್ಚದಿದ್ದರೆ ನೀರು, ಎಥನಾಲ್ ಸೇರಿ ತಳದಲ್ಲಿ ಬೇರೆ ಪದರ ಆಗಬಹುದು. ಆ ಪದರದಲ್ಲಿ ಎಣ್ಣೆ ಇರುವುದಿಲ್ಲ, ಆದರೆ ಟ್ಯಾಂಕಿನ ಪೈಪ್ ಎಳೆಯುವುದು ತಳದಿಂದಲೇ. ಎರಡು ಮೂರು ವಾರಕ್ಕೆ ಬೇಕಾದಷ್ಟೇ ಬೆರೆಸಿ. ಸಂಶಯ ಇದ್ದರೆ ಗಾಜಿನ ಬಾಟ್ಲಿಗೆ ಸುರಿದು ನೋಡಿ.

ಗ್ಯಾರೇಜಿಗೆ ಹೋಗುವಾಗ ವಿಡಿಯೋ ತೋರಿಸಿ, “ಗೀರು ಈ ಬದಿಯಲ್ಲಿದೆ, ಕಾರಣ ಏನು?” ಅಂತ ಕೇಳಿ. ಹಳೇ ಪಿಸ್ಟನ್ ಕೇಳಿ ತನ್ನಿ. ಸಿಲಿಂಡರಿನ ಒಳಗೋಡೆಗೆ ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಇದ್ದರೆ ಪಿಸ್ಟನ್ ಮಾತ್ರ ಬದಲಿಸಿ ಪ್ರಯೋಜನ ಇಲ್ಲ, ಬ್ಲಾಕ್ ಸೆಟ್ಟೇ ಬೇಕು. ಗೀರು ಬಿದ್ದ ಪಿಸ್ಟನ್ನಿಗೆ ಬರೀ ಹೊಸ ರಿಂಗ್ ಹಾಕಿಸುವುದೂ ದುಡ್ಡು ದಂಡ. ಹೊಸದು ಹಾಕಿದ ಮೇಲೆ ಮೊದಲ ಒಂದೆರಡು ಟ್ಯಾಂಕ್ ಮುಗಿಯುವವರೆಗೆ ಪೂರ್ತಿ ರೇಸ್ ಕೊಡದೆ, ನಡುನಡುವೆ ನಿಲ್ಲಿಸಿ, ಸಪೂರ ಹುಲ್ಲನ್ನೇ ಕತ್ತರಿಸಿ.